ನಲವತ್ತೊಂದನೆಯ ಮೂಗು

ಮಾರ್ಚ್ ೧೪, ಶುಕ್ರವಾರ

ನನ್ನ ಗಿಣಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಹುಟ್ಟುಹಬ್ಬಕ್ಕೆಂದು ಶುರುಮಾಡಿದ ಕಾಗದ ಇದು. ಹುಟ್ಟುಹಬ್ಬ ಕಳೆದು ಐದು ವಾರವಾಯಿತು. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ತಡವಾಯಿತೆಂದು ಬೇಕಾದರೆ ಬಯ್ಯಿ, ಆದರೆ ಪೂರ್ತಿ ಓದು. ಫೋನಿನಲ್ಲಿ ನೀನು ಅಪ್ಪನ ಹತ್ತಿರ ಮಾತ್ರ ಮಾತಾಡುತ್ತೀಯ. ಅವರೋ ಹದಿನಾಲ್ಕು ತಿಂಗಳಿಂದ "ಚೆನ್ನಾಗಿದ್ದಾಳೆ ಕಣೆ, ಊಟ ಆಯ್ತಂತೆ" ಎಂದು ಒಂದೇ ವಾರ್ತೆ ಓದುತ್ತಾರೆ. ನೀನು ಊಟ ಬಿಟ್ಟು ಬೇರೇನೂ ಮಾಡುವುದಿಲ್ಲವೇನೋ ಅನಿಸಿಬಿಟ್ಟಿದೆ.

ಇಲ್ಲಿ ನಾವಿಬ್ಬರೂ ಆರಾಮ. ಅಪ್ಪನ ಬಲಗಿವಿ ಮಂದವಾಗಿದೆ. ನಮ್ಮ ಆಸ್ಪತ್ರೆಗೇ ಬಂದು ತೋರಿಸಿ ಎಂದರೆ, "ನೀನು ಹೇಳೋದು ಎಡಗಿವೀಲೇ ಬೇಕಾದಷ್ಟು ಕೇಳುತ್ತೆ" ಅನ್ನುತ್ತಾರೆ. ಇಪ್ಪತ್ತಾರು ವರ್ಷ ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ದುಡಿದವಳ ಗಂಡ ಇವರು!

ನಾನು ಈಗಲೂ ಅದೇ ಫೋಟೊ ಕೋಣೆಯಲ್ಲಿದ್ದೇನೆ. ಅದೇ ನೀಲಿ ಪರದೆ, ನಿಲ್ಲುವವರ ಪಾದಕ್ಕೆ ನೆಲದ ಮೇಲೆ ಅದೇ ಬಿಳಿ ಪಟ್ಟಿ. "ಕನ್ನಡಕ ತೆಗೀರಿ. ನಗಬೇಡಿ. ಗಲ್ಲ ಸ್ವಲ್ಪ ಮೇಲೆ." ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ. ಎರಡು ವರ್ಷ ನಾಲ್ಕು ಊರಿನ ಆಸ್ಪತ್ರೆಗಳು ಸೇರಿ ಮೂಗಿನ ಆಪರೇಷನ್ ಬಗ್ಗೆ ಒಂದು ಸಂಶೋಧನೆ ನಡೆಸಿದವು. ಆಪರೇಷನ್ನಿಗೆ ಮೊದಲು ಒಂದು ಫೋಟೊ, ವರ್ಷವಾದ ಮೇಲೆ ಇನ್ನೊಂದು. ಕಣ್ಣಿಗೂ ತುಟಿಗೂ ಕಪ್ಪು ಪಟ್ಟಿ, ಹೆಸರಿಲ್ಲ, ಪ್ರತಿ ಫೋಟೊಕ್ಕೂ ಬೇರೆ ನಂಬರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯದಂತೆ ಎಲ್ಲವನ್ನೂ ಕಲಸಿರುತ್ತಾರೆ. ಎಂಟು ಜನ ಅವನ್ನು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಆ ಎಂಟರಲ್ಲಿ ಡಾಕ್ಟರುಗಳು ಮೂವರೇ. ಒಬ್ಬ ದರ್ಜಿ ಇದ್ದಾನೆ, ಲಿಫ್ಟಿನವನಿದ್ದಾನೆ. "ನಾವು ಚೆಂದ ಅಂದ್ಕೊಂಡಿದ್ದು ಬೀದೀಲಿ ಹೋಗೋರಿಗೂ ಚೆಂದ ಕಾಣ್ಬೇಕಲ್ವಾ?" ಎನ್ನುತ್ತಾರೆ ನಮ್ಮ ದೊಡ್ಡ ಡಾಕ್ಟರಮ್ಮ.

ಡಿಸೆಂಬರಿನಲ್ಲಿ ಆ ಎಂಟು ಜನರಲ್ಲಿ ಒಬ್ಬಳಾದ ಔಷಧಿ ಅಂಗಡಿಯ ಹುಡುಗಿ ಹೆರಿಗೆ ರಜೆ ಹಾಕಿದಳು. ಅವಳ ಜಾಗಕ್ಕೆ ನನ್ನನ್ನು ಕೂರಿಸಿದರು. ನಮ್ಮ ಆಸ್ಪತ್ರೆಯ ಮೂಗುಗಳ ಫೋಟೊ ತೆಗೆದವಳು ನಾನೇ ಆದ್ದರಿಂದ ಗುರುತು ಹಿಡಿದುಬಿಡುತ್ತೇನೆಂದು, ಬೇರೆ ಊರಿನವನ್ನು ಮಾತ್ರ ಕೊಟ್ಟರು. ನಿನ್ನಮ್ಮ ಮೂಗು ಮುರಿಯುವುದಕ್ಕೂ ಸಂಬಳ ತೆಗೆದುಕೊಂಡಳು ಎಂದು ನಗಬೇಡ.

ನೀನು ಹೊಸ ಮೂಗಿನೊಂದಿಗೆ ಬಾಗಿಲಲ್ಲಿ ನಿಂತ ದಿನ ನಾನು ಆಡಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. "ಯಾರಮ್ಮ ನೀನು?" ಎಂದು ತಮಾಷೆಗೆ ಶುರುಮಾಡಿದೆ. ಆಮೇಲೆ ತಡೆಯಲಾಗಲಿಲ್ಲ. "ಅದು ನನ್ನ ಮೂಗು, ನಮ್ಮಮ್ಮನ ಮೂಗು. ಕೊಳೆತು ಹೋಗಿತ್ತಾ, ಕತ್ತರಿಸಿ ಬಿಸಾಕೋಕೆ?" ಎಂದೆ. ನೀನು ಮೆಲ್ಲಗೆ, "ನಂಗೆ ಅದನ್ನ ಹೊತ್ಕೊಂಡು ತಿರುಗಿ ಸಾಕಾಗಿತ್ತಮ್ಮ" ಅಂದೆ. "ಹೆತ್ತೋಳ ಕಣ್ಣಿಗೆ ಅದಕ್ಕಿಂತ ಚೆಂದ ಇನ್ನೊಂದಿರ್ಲಿಲ್ಲ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ನೀನು ಚೀಲವನ್ನೂ ಬಿಚ್ಚದೆ ಹೊರಟೆ. ಗಿಣಿ ಎಂಬ ಹೆಸರು ಹಿಡಿದು ಶಾಲೆಯಲ್ಲಿ ಮಕ್ಕಳು ನಿನ್ನನ್ನು ಅಳಿಸುತ್ತಿದ್ದರೆಂದು ಅಪ್ಪ ಹೇಳಿದ್ದು ಆಮೇಲೆ. ಮೂಗು ನೋಡಿ ಆ ಹೆಸರು ಇಟ್ಟವಳು ನಾನೇ. ಈಗಲೂ ಬೇರೇನೆಂದು ಕರೆಯಲಿ, ಬಾಯಿಗೆ ಬರುವುದು ಅದೊಂದೇ.

ನಿನ್ನನ್ನು ನೋಡಬೇಕು ಮಗಳೇ. ಹೊಸ ಮುಖವನ್ನು ನಾನು ನೋಡಿದ್ದು ಅರ್ಧ ಗಂಟೆ, ಅದೂ ಸಿಟ್ಟಿನಲ್ಲಿ. ಈಗ ನೆನೆಸಿಕೊಂಡರೆ ಹಳೆಯದು ಅರ್ಧ, ಹೊಸದು ಅರ್ಧ ಬರುತ್ತದೆ, ಯಾವುದೂ ಪೂರ್ತಿಯಾಗುವುದಿಲ್ಲ. ಬಸ್ಸಿನಲ್ಲಿ ನಿನ್ನ ವಯಸ್ಸಿನವಳು ಕೂತರೆ ನೋಡುತ್ತಾ ನೋಡುತ್ತಾ ಇಳಿಯುವ ಸ್ಟಾಪು ದಾಟಿ ಹೋಗಿರುತ್ತೇನೆ. ಮೊನ್ನೆ ಒಬ್ಬಳು, "ಏನಾದ್ರೂ ಬೇಕಿತ್ತಾ ಆಂಟಿ?" ಎಂದು ಕೇಳಿಯೇಬಿಟ್ಟಳು.

ಉಸಿರಾಟ ಈಗ ಸಲೀಸಾಗಿದೆಯಾ? ರಾತ್ರಿ ಬಾಯಿ ತೆರೆದು ಮಲಗುವುದು ನಿಂತಿತಾ? ಅಪ್ಪನಿಗೆ ಇಂಥದ್ದನ್ನೆಲ್ಲ ಕೇಳಲು ಬರುವುದಿಲ್ಲ. ನೂರು ಕಾಲ ಸುಖವಾಗಿ ಬಾಳು. ನಿನಗೆ ಯಾವ ನೋವೂ ತಟ್ಟದಿರಲಿ.

ನಿನ್ನ
ಅಮ್ಮ

ತಾ. ಕ.: ಮೂರು ಕಾಗದ ಹರಿದದ್ದು ಇದನ್ನು ಬರೆಯಲಾಗದೆ. ನಿನ್ನ ಹುಟ್ಟುಹಬ್ಬದ ಹಿಂದಿನ ದಿನ ಸಂಶೋಧನೆಯ ಯಾವ ನಂಬರು ಯಾರದೆಂಬ ಹೆಸರಿನ ಪಟ್ಟಿ ಬಂತು. ಅದನ್ನು ಕಡತಕ್ಕೆ ಜೋಡಿಸುವುದು ನನ್ನ ಕೆಲಸ. ತೊಂಬತ್ತಾರನೆಯ ಫೋಟೊ ನಿನ್ನದು. ನಲವತ್ತೊಂದು ಕೂಡ ನಿನ್ನದೇ, ಹಳೆಯದು. ನಿನ್ನೂರಿನ ಆಸ್ಪತ್ರೆಯಲ್ಲಿ ನೀನೂ ಇದಕ್ಕೆ ಒಪ್ಪಿ ಸಹಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಹೊಸದಕ್ಕೆ ನಾನು ಎಂಟು ಕೊಟ್ಟಿದ್ದೆ, ಹಳೆಯದಕ್ಕೆ ಮೂರು. ಪಕ್ಕದಲ್ಲಿ ನನ್ನದೇ ಅಕ್ಷರ: "ಮುಖಕ್ಕೆ ಒಪ್ಪುವುದಿಲ್ಲ." ಕಣ್ಣು, ತುಟಿ ಎರಡನ್ನೂ ಮುಚ್ಚಿದ ಮೇಲೆ ಮುಖ ಎಲ್ಲಿ ಕಂಡಿತ್ತು ನನಗೆ? ಡಾಕ್ಟರಮ್ಮನಿಗೆ ಹೇಳಿಕೊಂಡೆ. "ಅದಕ್ಯಾಕೆ ಅಳ್ತೀರಿ? ಮನೆಯವರು ಹಾಕಿದ ಅಂಕ ಲೆಕ್ಕಕ್ಕಿಲ್ಲ" ಎಂದು ಕೆಂಪು ಗೆರೆ ಎಳೆದರು. ಪ್ರತಿ ನೆಗಡಿಗೂ ನಾನೇ ಕೈಯಾರೆ ಒರೆಸಿದ ಮೂಗು, ಗಿಣಿ. ನನಗೆ ಗುರುತೇ ಸಿಗಲಿಲ್ಲ. ಒಂದು ಸಲ ಬಾ. ಏನೂ ಮಾತಾಡುವುದಿಲ್ಲ, ಬರೀ ನೋಡುತ್ತೇನೆ.