ನಿಮ್ಮ ಕಾರನ್ನು ಯಾರ ಕೈಗೆ ಕೊಡಲಿ, ಅತ್ತೀ?

ಅತ್ತೀ,

ನೀವು ಹೋಗಿ ಎರಡು ವರ್ಷವಾದ ಮೇಲೆ ಈ ಸೊಸೆಗೆ ಕಾಗದ ಬರೆಯುವ ಬುದ್ಧಿ ಬಂತೇ ಅಂತ ಸಿಟ್ಟಾಗಬೇಡಿ. ಸಿಟ್ಟಾದರೂ ಈಗ ನನ್ನನ್ನು ಏನು ಮಾಡುತ್ತೀರಿ? ಇದ್ದಾಗಂತೂ ನನಗೆ ಬಾಯಿ ತೆರೆಯಲು ಬಿಟ್ಟವರಲ್ಲ. ಈಗ ಒಂದಿಷ್ಟು ಹೊತ್ತು ಸುಮ್ಮನೆ ಕೇಳಿ. ವಿಷಯ ನಿಮ್ಮ ಲ್ಯಾಂಡ್‌ಮಾಸ್ಟರ್ ಕಾರಿನದು. ನಿಮ್ಮ ಮಗ ಅದನ್ನು ಮಾರೋಣ ಅಂದರು. ಸಾಮಾನು ಸಿಗುವುದಿಲ್ಲ, ಓಡಿಸುವವರಿಲ್ಲ, ಶೆಡ್ಡಿನಲ್ಲಿ ಜಾಗವಿಲ್ಲ ಅಂತೆಲ್ಲ ಹೇಳಿ, ಕಡೆಗೆ, "ಅವ್ವ ಗಾಡಿ ಶಾಂತಾಂದು ಅಂತ ಹೇಳಿ ಹೋಗ್ಯಾಳ. ಇಡೋದು ಕೊಡೋದು ನಿನಗ ಬಿಟ್ಟಿದ್ದು," ಅಂತ ನನ್ನ ಕೊರಳಿಗೆ ಕಟ್ಟಿಬಿಟ್ಟರು. ಸ್ಟೇರಿಂಗ್ ಹಿಡಿಯಲೂ ಬಾರದ ನನಗೆ ಕಾರು ಬಿಟ್ಟು ಹೋದಿರಲ್ಲ, ಇದೆಂಥ ನ್ಯಾಯ?

ಎಮರ್ಜೆನ್ಸಿ ಬಂದ ವರ್ಷ, ಮದುವೆಗೆ ನನ್ನನ್ನು ಗಂಗಾವತಿಗೆ ಕರೆದೊಯ್ಯಲು ಬಂದಾಗ, ಕುಷ್ಟಗಿಯ ನಮ್ಮ ಮನೆಯ ಮುಂದೆ ಅದನ್ನು ಮೊದಲ ಸಲ ನೋಡಿದೆ. ನೇರಳೆ ಹಣ್ಣಿನ ಬಣ್ಣದ ಕಾರು, ಮುಂದೆ ಚೆಂಡುಹೂವಿನ ಸರ. ಒಳಗೆ ಸ್ಟೇರಿಂಗ್ ಹಿಡಿದು, ಇಳಕಲ್ ಸೀರೆಯ ಸೆರಗು ತಲೆ ತುಂಬ ಹೊದ್ದು ಕೂತ ಹೆಂಗಸು. ಡ್ರೈವರನ ಹೆಂಡತಿ ಇರಬೇಕು ಅಂದುಕೊಂಡೆ. ನೀವೇ ನನ್ನ ಅತ್ತೆ ಅಂತ ಆಮೇಲೆ ಗೊತ್ತಾಯಿತು. "ಹುಡುಗಿ ಮುಂದ ನನ್ನ ಬಾಜೂಕ ಕುಂದರ್ಲಿ, ನಮ್ಮ ಶರಣ್ಯಾ ಹಿಂದ ಕುಂದರ್ತಾನ," ಅಂದಿರಿ. ನಮ್ಮ ಸೋದರಮಾವನಿಗೆ ಸರಿ ಬರಲಿಲ್ಲ. "ಮದುಮಗ ಹಿಂದ ಕುಂತು ಹುಡುಗಿ ಮುಂದ ಕುಂತ್ರ ಮಂದಿ ಏನಂತಾರ್ರಿ ಬೀಗತ್ಯಾರ?" ಅಂದ. ನೀವು ಹಾರ್ನ್ ಒಮ್ಮೆ ಬಾರಿಸಿ, "ಮಂದಿ ಏನರ ಅನ್ಲಿ. ಈ ದಾರ್ಯಾಗ ತಿರುಗಿ ತವರಿಗೆ ಬರಾಕಿ ಈಕಿ. ದಾರಿ ಆಕಿ ನೋಡಬೇಕೋ, ಮಂದಿ ನೋಡಬೇಕೋ?" ಅಂದಿರಿ. ಮಾವ ಬಾಗಿಲು ತೆರೆದು ನನ್ನನ್ನು ಮುಂದೆ ಕೂಡಿಸಿದ.

ತಾವರಗೇರಾ ದಾಟುವವರೆಗೆ ನಾನು ಅಳುತ್ತಲೇ ಇದ್ದೆ, ನೆನಪಿದೆಯೇ? ನೀವು ಸಮಾಧಾನವನ್ನೇನೂ ಹೇಳಲಿಲ್ಲ. "ಅಳು, ಆದ್ರ ತಲಿ ಎತ್ತಿ ಅಳು. ಇಲ್ಲಿ ಬಸ್ ನಿಂದರ್ತೈತಿ ನೋಡು. ಆ ಬೇವಿನ ಗಿಡದ ಬುಡಕ ನೀರು ಸಿಗ್ತಾವು," ಅನ್ನುತ್ತ ಕನಕಗಿರಿಯವರೆಗೂ ತೋರಿಸುತ್ತಲೇ ಬಂದಿರಿ. ಆಮೇಲೆ ನಿಮ್ಮ ಕತೆ ಹೇಳಿದಿರಿ. ಯಲಬುರ್ಗಾದಿಂದ ನಿಮ್ಮನ್ನು ಸವಾರಿ ಬಂಡಿಯಲ್ಲಿ, ಸುತ್ತಲೂ ಪರದೆ ಕಟ್ಟಿ ಕರೆತಂದಿದ್ದರಂತೆ. "ತವರಮನಿ ಯಾವ ದಿಕ್ಕಿಗೈತಿ ಅಂತ ಸೈತ ಗೊತ್ತಿರ್ಲಿಲ್ಲ ನನಗ. ಅಳಬೇಕಂದ್ರ ಯಾವ ಕಡೆ ಮುಖ ಮಾಡ್ಲಿ?" ಅಂದು ನಕ್ಕಿರಿ. ನನಗೆ ನಗು ಬರಲಿಲ್ಲ. ಕಾಲುವೆ ಬಂದು, ಜೋಳದ ಸೀಮೆಯವಳಾದ ನಾನು ಜೀವನದಲ್ಲಿ ಮೊದಲ ಸಲ ಅಷ್ಟು ಭತ್ತದ ಹಸಿರು ಕಂಡು ಬಾಯಿ ತೆರೆದಾಗ ಮಾತ್ರ ನೀವು ಗಾಡಿ ನಿಲ್ಲಿಸಿದಿರಿ.

ನೀವು ಕಾರು ಕಲಿತ ಕತೆಯನ್ನು ನನಗೆ ಹೇಳಿದವರು ನಮ್ಮ ರೈಸ್ ಮಿಲ್ಲಿನ ಮಿಸ್ತ್ರಿ ಖಾದರ್‌ಸಾಬರು. ಮಾವನವರ ಕಣ್ಣಿಗೆ ಪೊರೆ ಬಂದು ಕಾರು ಮನೆಯ ಮುಂದೆ ನಿಂತಾಗ, "ನಾ ಹೊಡೀತೀನಿ ತಗೋರಿ," ಅಂದಿರಂತೆ, ಅದೇನು ಎತ್ತಿನ ಗಾಡಿಯೇ! ಮೊದಲ ದಿನವೇ ಕಾರು ಹೋಗಿ ಭತ್ತದ ಹೊಟ್ಟಿನ ಗುಡ್ಡೆಯಲ್ಲಿ ಮೂತಿ ಹುದುಗಿಸಿ ನಿಂತಿತಂತೆ. ಹಮಾಲರೆಲ್ಲ ಹೊಟ್ಟೆ ಹಿಡಿದು ನಕ್ಕರೆ, ನೀವು ಇಳಿಯಲೂ ಇಲ್ಲವಂತೆ. "ಮೆತ್ತಗೈತಿ ಬಿಡ್ರಿ ಸಾಬ್ರ, ಇಲ್ಲೇ ಕಲೀತೀನಿ." ಲೈಸೆನ್ಸಿಗೆ ರಾಯಚೂರಿಗೆ ಹೋದಾಗ ಸಾಹೇಬರು ಪ್ರಶ್ನೆಯನ್ನೆಲ್ಲ ಮಾವನವರಿಗೆ ಕೇಳಿದರಂತೆ, ಉತ್ತರವನ್ನೆಲ್ಲ ನೀವು ಕೊಟ್ಟಿರಂತೆ. ಎಂಥ ಗಟ್ಟಿ ಹೆಂಗಸು ನೀವು! ನಿಮ್ಮ ಎದುರಿಗೆ ಒಮ್ಮೆಯೂ ಹೀಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಮದುವೆಯ ಹಂಗಾಮು ಬಂದರೆ ಗಂಗಾವತಿಯ ಸುತ್ತಿನ ಯಾವ ಮನೆಯವರು ಕೇಳಿದರೂ ನೀವು ಇಲ್ಲ ಅನ್ನಲಿಲ್ಲ. ಹುಡುಗಿ ಮುಂದೆ ಕೂರಬೇಕು, ಓಡಿಸುವವಳು ನೀವೇ ಆಗಿರಬೇಕು, ಇಷ್ಟೇ ನಿಮ್ಮ ಕರಾರು. ಗಾಲಿಗಳ ಕೆಳಗೆ ಇಟ್ಟ ನಿಂಬೆಹಣ್ಣನ್ನು ಜಜ್ಜಲು ಬಿಡದೆ ಎತ್ತಿಕೊಂಡು ಬಂದು ಉಪ್ಪಿನಕಾಯಿ ಹಾಕುತ್ತಿದ್ದಿರಿ. ಮಾವನವರು ತೀರಿಕೊಂಡ ವರ್ಷ ಮಾತ್ರ ಮರಳಿ ಅನ್ನುವ ಊರಿನ ಒಂದು ಮನೆಯಿಂದ, "ಗಾಡಿ ಅಷ್ಟ ಕಳಸ್ರಿ, ನೀವು ಬರೋದು ಬ್ಯಾಡ," ಅಂತ ಹೇಳಿಕೆ ಬಂತು. ಗಂಡ ಸತ್ತವಳು ಮದುಮಗಳ ಬಾಜೂಕೆ ಕೂರಬಾರದಲ್ಲ! ನೀವು, "ಗಾಡಿಗೆ ಕೈಕಾಲು ಇಲ್ಲ, ಅದೊಂದ ಹೆಂಗ ಬರ್ತೈತಿ?" ಅಂದಿರಿ. ಅವತ್ತು ನಿಮ್ಮ ಮುಖ ನೋಡಲಾಗದೆ ನಾನು ಹಿತ್ತಲಿಗೆ ಹೋಗಿಬಿಟ್ಟೆ. ಆದರೆ ಆ ಹುಡುಗಿ ಇದ್ದಳಲ್ಲ, ಅಲಂಕಾರ ಮಾಡಿಸಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮನೆಯವರು ತರಿಸಿದ ಟ್ರ್ಯಾಕ್ಟರ್ ಹತ್ತಲಾರೆ, ಕಾರಿನ ಶಂಕ್ರಮ್ಮತ್ತಿ ಬರುವವರೆಗೂ ಏಳಲಾರೆ ಅಂತ. ಅದೇ ಮನೆಯ ಗಂಡಸರು ಕರೆಯಲು ಬಂದಾಗ ನೀವು ಒಂದು ಕುಟುಕು ಮಾತನ್ನೂ ಆಡದೆ ಚಾವಿ ತೆಗೆದುಕೊಂಡು ಹೊರಟಿರಿ. ನಾನಾಗಿದ್ದರೆ ಬಿಡುತ್ತಿದ್ದೆನೇ!

ನನಗೂ ಕಲಿಸಲು ನೋಡಿದಿರಿ, ಪಾಪ. ಕಾಲುವೆ ದಂಡೆಯ ಮೇಲೆ ಎದುರಿಗೆ ಒಂದು ಎಮ್ಮೆ ಬಂದದ್ದೇ ತಡ, ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡೆ. ಕಾರು ಯಾರದೋ ಭತ್ತದ ಸಸಿಮಡಿಯಲ್ಲಿ ಇಳಿಯಿತು. "ಎಮ್ಮಿ ಪಾರಾತು, ನೀನೂ ಪಾರಾದಿ, ಮನಿಗೆ ನಡಿ," ಅಂದಿರಿ. ಮತ್ತೆ ಕಲಿ ಅನ್ನಲಿಲ್ಲ. ಹೀಗಿದ್ದೂ ನನಗೇ ಯಾಕೆ...

ನೀವು ಹೋದ ಮೇಲೂ ಒಂದು ಮನೆಯವರು ಕಾರು ಕೇಳಿಕೊಂಡು ಬಂದರು. ನಿಮ್ಮ ಹೆಸರು ಉಳಿಯಲಿ ಅಂತ ಕಳಿಸಿದೆ. ಮಿಲ್ಲಿನ ಡ್ರೈವರ್ ಓಡಿಸಿದ. ಮುಂದಿನ ಸೀಟಿನಲ್ಲಿ ಗಂಡಿನ ಕಾಕಾ ಎಲೆಅಡಿಕೆ ಜಗಿಯುತ್ತ ಕೂತಿದ್ದ. ಹುಡುಗಿ ಹಿಂದೆ, ನಾಲ್ಕು ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ನಮ್ಮ ಓಣಿಯಲ್ಲಿ ಹಾದು ಹೋಗುವಾಗ ನೋಡಿದೆ. ಅದೇ ಕಾರು, ಅದೇ ಹೂವಿನ ಸರ. ಅಂದೇ ಅದಕ್ಕೆ ತಾಡಪತ್ರಿ ಹೊದಿಸಿ ಶೆಡ್ಡಿನಲ್ಲಿಟ್ಟೆ. ಇಟ್ಟುಕೊಂಡರೆ ತುಕ್ಕು ಹಿಡಿಯುತ್ತದೆ, ಕೊಟ್ಟರೆ ಯಾರ ಪಾಲಾಗುತ್ತದೋ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅತ್ತೀ?

ಹೋದ ತಿಂಗಳು ಹೊಸಪೇಟೆಯಿಂದ ಒಬ್ಬ ಕಂತ್ರಾಟುದಾರರು ನೋಡಲು ಬಂದರು. ಹಳೆಯ ಕಾರೆಂದರೆ ಅವರಿಗೆ ಹುಚ್ಚು. ಒಳ್ಳೆಯವರೇ, ಮಾತಿಗೆ ಮುಂಚೆ ಕೈ ಮುಗಿಯುವವರು. ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, "ರೋಡಿಗೆ ಇಳಸಂಗಿಲ್ರಿ ಯವ್ವಾ. ಧೂಳು ಬೀಳದಂಗ, ದೇವರಂಗ ಇಡ್ತೀನಿ," ಅಂದರು. ನನ್ನ ಮನಸ್ಸು ಅಲ್ಲೇ ಮುರಿಯಿತು. ರಸ್ತೆ ಕಾಣದ ಕಾರು ನಿಮ್ಮದು ಹೇಗಾದೀತು? ಇಲ್ಲ ಅನ್ನಲು ಬಾಯಿ ತೆರೆದವಳು, ತೋರಿಸಲೆಂದು ಮಿಲ್ಲಿನವರು ಸರಿಮಾಡಿ ಕಾರು ನಿಲ್ಲಿಸಿದ್ದ ಅಂಗಳದ ಕಡೆ ನೋಡಿದೆ. ಅವರ ಹೆಂಡತಿ, ಬಂದಾಗಿನಿಂದ ತುಟಿ ಬಿಚ್ಚದಿದ್ದ ಹೆಣ್ಣುಮಗಳು, ಕಾರಿನ ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಓಡಿಸಲು ಬಾರದವರು ಕೂತರೆ ಕೈ ಸ್ಟೇರಿಂಗಿಗೆ ಹೋಗುತ್ತದೆ. ಇವಳು ಚಪ್ಪಲಿ ಕಳಚಿ ಕಾಲಿನಿಂದ ಕ್ಲಚ್ ಹುಡುಕುತ್ತಿದ್ದಳು.

ಹತ್ತಿರ ಹೋಗಿ, "ಬರ್ತೈತೇನವ್ವಾ ನಿನಗ?" ಅಂತ ಕೇಳಿದೆ. ಗಂಡನ ಕಡೆ ಒಮ್ಮೆ ನೋಡಿ, "ಬರ್ತಿತ್ರಿ. ಇಲ್ಲೇ ಮುಂದ ಶ್ರೀರಾಮನಗರದಾಗ ನಮ್ಮ ನಾನ್ನ ಟ್ರ್ಯಾಕ್ಟರ್ ಕಲಿಸಿದ್ರು. ಜೀಪ್ ಸೈತ ಹೊಡೀತಿದ್ದೆ. ಮದುವ್ಯಾದ ಮ್ಯಾಲ..." ಅಂದು ನಿಲ್ಲಿಸಿದಳು. ಅಪ್ಪನನ್ನು ನಾನ್ನ ಅನ್ನುವ ತೆಲುಗಿನವರ ಮಗಳು. ಕಂತ್ರಾಟುದಾರರು ಚಹಾದ ಕಪ್ಪು ಹಿಡಿದುಕೊಂಡೇ ಅಂಗಳಕ್ಕೆ ಇಳಿದು ಬಂದರು. "ಇಷ್ಟು ವರ್ಷ ನನಗ ಹೇಳಿಲ್ಲಲ್ಲ!" ಅಂದರು. "ನೀವು ಕೇಳ್ಲಿಲ್ಲ," ಅಂದಳು ಮೆಲ್ಲಗೆ.

ಆಗ ನನಗೆ ಹೊಳೆಯಿತು ನೋಡಿ. ಒಳಗೆ ಹೋಗಿ ಮೊರ ತಂದೆ. ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವುದುಂಟೇ? ನಮ್ಮ ಮಿಲ್ಲಿನ ಅಕ್ಕಿ, ಕೊಬ್ಬರಿ, ಕುಬಸಕ್ಕೆ ಕಣದ ಬಟ್ಟೆ, ಅವುಗಳ ನಡುವೆ ನಿಮ್ಮ ಕಾರಿನ ಚಾವಿ. ಎಲ್ಲವನ್ನೂ ಅವಳ ಸೆರಗಿಗೆ ಹಾಕಿದೆ. ಬೆಲೆಯ ಮಾತು ಗಂಡಸರು ಆಡಿಕೊಳ್ಳಲಿ, ಆದರೆ ಉಡಿಯಲ್ಲಿ ಬಿದ್ದದ್ದನ್ನು ಈ ಸೀಮೆಯಲ್ಲಿ ಯಾವ ಗಂಡ ಕೈಯೊಡ್ಡಿ ಕೇಳುತ್ತಾನೆ? ಕಂತ್ರಾಟುದಾರರು, "ಯವ್ವಾ, ರೋಡಿನ್ಯಾಗ ಲಾರಿ ಭಾಳ ಅದಾವ್ರಿ," ಅಂದರು. "ಆಕಿ ಕಣ್ಣು ಭಾಳ ಛಲೋ ಅದಾವ್ರಿ," ಅಂದೆ ನಾನು. ನಿಮ್ಮ ಮಗ ಬಾಗಿಲಲ್ಲಿ ನಿಂತು ನಕ್ಕೇ ನಕ್ಕರು. ಅವಳು ಎರಡು ಸಲ ಎಂಜಿನ್ ಬಂದ್ ಮಾಡಿಕೊಂಡು, ಮೂರನೆಯ ಸಲ ನಮ್ಮ ಇಕ್ಕಟ್ಟಿನ ಗೇಟಿನಿಂದ ಹಿಮ್ಮುಖವಾಗಿ ಕಾರನ್ನು ಹೊರಗೆ ತೆಗೆದಳು. ಗಂಡ ಬಾಜೂಕೆ ಕೂತು ಎರಡೂ ಕೈಯಿಂದ ಬಾಗಿಲನ್ನು ಬಿಗಿ ಹಿಡಿದುಕೊಂಡಿದ್ದರು.

ಖಾಲಿ ಶೆಡ್ಡಿನಲ್ಲಿ ನಿಂತು ಚೆನ್ನಾಗಿ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೇ ಯಾಕೆ ಬಿಟ್ಟಿರಿ ಅನ್ನುವುದು ಅಲ್ಲಿ ತಿಳಿಯಿತು. ಓಡಿಸಲು ಬರುವವಳಾಗಿದ್ದರೆ ನಾನು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ, ಅಲ್ಲವೇ?

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ, ಇದಕ್ಕಾಗಿಯೇ ಕಾಗದ ಹಿಡಿದದ್ದು. ನಿನ್ನೆ ಮಧ್ಯಾಹ್ನ ಮನೆಯ ಮುಂದೆ ಹಾರ್ನ್ ಕೇಳಿ ನಿಮ್ಮ ಮಗ, ನಾನು ಇಬ್ಬರೂ ಎದ್ದು ಓಡಿದೆವು. ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಕಾರು ನಿಂತಿತ್ತು. ಒಳಗೆ ಅವಳೊಬ್ಬಳೇ. ಇಳಿದು ಬಾ ಅಂದರೆ, "ಹೊತ್ತಾಗ್ತೈತ್ರಿ ಅಕ್ಕಾರ, ಬರಾಗ ಬರ್ತೀನಿ," ಅಂದಳು. "ಯಾವ ಕಡೆ ಹೊಂಟೀಯವ್ವಾ?" ಅಂದೆ.

"ತವರಿಗ್ರಿ," ಅಂದಳು. "ಯಾರೂ ಕರ್ಯಾಕ ಬಂದಿಲ್ಲ. ನಾನ ಹೊಂಟೀನಿ."

ನಿಮ್ಮ ಸೊಸೆ,
ಶಾಂತಾ