ಸೆನ್ಸರ್‌ಗೆ ನೀರು ಹಾಕಿದ ಅತ್ತೆಯ ಪರವಾಗಿ

ತೋಟಗಾರಿಕೆ ಯಾಂತ್ರೀಕರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ದಯವಿಟ್ಟು ನಮ್ಮ ಅತ್ತೆಯನ್ನು ಒಳಗೆ ಬಿಡಿ. ‘ತರಬೇತಿ ಇಲ್ಲದ ವ್ಯಕ್ತಿಗಳಿಗೆ ಪ್ರವೇಶವಿಲ್ಲ’ ಎಂದು ನಮ್ಮ ಸಸಿಮನೆಯ ಬಾಗಿಲಿಗೆ ತಾವು ಒಂದು ಸೂಚನಾ ಪತ್ರ ಅಂಟಿಸಿದ್ದೀರಿ. ಅಂಥ ವ್ಯಕ್ತಿ ನಮ್ಮಲ್ಲಿ ಇರುವುದು ಒಬ್ಬರೇ, ಮತ್ತು ಆ ಒಬ್ಬರು ಒಂದೂವರೆ ತಿಂಗಳಿಂದ ಬೆಳಗಿನಿಂದ ಸಂಜೆಯವರೆಗೆ ನನ್ನ ಅಡುಗೆಮನೆಯಲ್ಲಿದ್ದಾರೆ. ಇದೇ ನನ್ನ ದೂರು. ಉಳಿದದ್ದೆಲ್ಲ ವಿವರಣೆ.

ನಾವು ತರಕಾರಿ ಸಸಿ ಬೆಳೆಸಿ ಮಾರುವವರು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಉದ್ದನೆಯ ಒಂದು ಸಸಿಮನೆ, ಒಳಗೆ ಆರು ಸಾಲು ಟ್ರೇ, ಟ್ರೇಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಎಲೆಕೋಸು. ಅತ್ತೆ ಅಲ್ಲಿ ಮೂವತ್ತೆಂಟು ವರ್ಷ ಬೆರಳಿನಿಂದ ದುಡಿದಿದ್ದಾರೆ. ತೋರುಬೆರಳನ್ನು ಟ್ರೇಯ ಮಣ್ಣಿಗೆ ಒಂದು ಗೆಣ್ಣಿನಷ್ಟು ಇಳಿಸುವುದು, ‘ಹ್ಞೂಂ’ ಅಥವಾ ‘ಉಹ್ಞೂಂ’ ಅನ್ನುವುದು, ನಾನು ಅದರಂತೆ ನೀರಿನ ಕ್ಯಾನು ಎತ್ತುವುದು. ನಮ್ಮ ಮನೆಯ ನೀರಾವರಿ ನೀತಿ ಇಷ್ಟೇ ಇತ್ತು. ನಾನು ಯಂತ್ರದ ವಿರೋಧಿ ಎಂದು ಮಾತ್ರ ದಯವಿಟ್ಟು ಬರೆದುಕೊಳ್ಳಬೇಡಿ. ಹನ್ನೊಂದು ವರ್ಷ ಕ್ಯಾನು ಹೊತ್ತು ನನ್ನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ದರ್ಜಿ ನನ್ನ ರವಿಕೆಯ ಅಳತೆ ತೆಗೆಯುವಾಗ ಪ್ರತಿ ಸಲ ನನ್ನನ್ನು ನೆಟ್ಟಗೆ ನಿಲ್ಲಲು ಹೇಳುತ್ತಾನೆ. ತಮ್ಮ ಯೋಜನೆಯಲ್ಲಿ ತಾನಾಗಿಯೇ ನೀರು ಚಿಮುಕಿಸುವ ಯಂತ್ರ ಬಂದ ದಿನ ನಾನು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಯಂತ್ರ ಕೂರಿಸಲು ಬಂದ ತಮ್ಮ ತಂತ್ರಜ್ಞರು ಬಹಳ ಒಳ್ಳೆಯವರು. ಒಂದು ಕಡ್ಡಿಯನ್ನು ಮೊದಲ ಸಾಲಿನ ಮೊದಲ ಟ್ರೇಗೆ ಚುಚ್ಚಿದರು. ಅದೇ ಸೆನ್ಸರ್. ಅದು ಮಣ್ಣಿನ ತೇವ ನೋಡಿ ಯಂತ್ರಕ್ಕೆ ಹೇಳುತ್ತದೆ, ಯಂತ್ರ ಆರೂ ಸಾಲಿಗೆ ನೀರು ಬಿಡುತ್ತದೆ. ಗೋಡೆಯ ಪರದೆಯಲ್ಲಿ ಒಂದು ಹಸಿರು ಮುಖ ಕಾಣುತ್ತದೆ. ತೇವ ಸರಿಯಿದ್ದರೆ ಅದು ನಗುತ್ತದೆ. ಇನ್ನು ಮುಂದೆ ಯಾರೂ ಕೈಯಿಂದ ನೀರು ಹಾಕಕೂಡದು ಎಂದು ನನಗೆ ತಾಕೀತು ಮಾಡಿದರು. ಆಮೇಲೆ ಬಾಗಿಲಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ ಅತ್ತೆಯನ್ನು ನೋಡಿ ಅವರ ಕರುಳು ಚುರುಕ್ಕೆಂದಿತೋ ಏನೋ, ಕಡ್ಡಿ ತೋರಿಸಿ, “ಅಜ್ಜಿ, ಇಡೀ ಸಸಿಮನೆ ಜೀವ ಇದರಲ್ಲೇ ಇರೋದು. ನೀವು ಇದೊಂದನ್ನ ಚೆನ್ನಾಗಿ ನೋಡ್ಕೊಳ್ಳಿ, ಸಾಕು” ಎಂದರು.

ಅತ್ತೆ ನೋಡಿಕೊಂಡರು. ಮಾನ್ಯರೇ, ತಮ್ಮ ಇಲಾಖೆಯ ಆದೇಶವೊಂದು ಇಷ್ಟು ನಿಷ್ಠೆಯಿಂದ ಜಾರಿಯಾದ ಉದಾಹರಣೆ ತಮ್ಮ ಕಡತಗಳಲ್ಲಿ ಇನ್ನೊಂದು ಇರಲಾರದು. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು ಲೋಟ, ಸಂಜೆ ಒಂದು ಲೋಟ ನೀರನ್ನು ಆ ಕಡ್ಡಿಯ ಬುಡಕ್ಕೆ ಹಾಕಿದರು. ಬಿಸಿಲು ತಾಗದಿರಲಿ ಎಂದು ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ಅದಕ್ಕೊಂದು ಚಪ್ಪರ ಕಟ್ಟಿದರು. ಕಡ್ಡಿ ಸದಾ ಒದ್ದೆಯಲ್ಲಿತ್ತು. ಯಂತ್ರಕ್ಕೆ ಪರಮ ಸಂತೋಷ. ಮೂರು ದಿನ ಅದು ಒಂದು ಹನಿ ನೀರನ್ನೂ ಬಿಡಲಿಲ್ಲ.

ನಾನು ಎಲ್ಲಿದ್ದೆ ಎಂದು ತಾವು ಕೇಳಬಹುದು. ಪರದೆಯ ಮುಂದಿದ್ದೆ. ಎರಡನೆಯ ದಿನ ಅತ್ತೆ ನನ್ನ ಸೆರಗು ಹಿಡಿದು ಎಳೆದರು.

“ಸಸಿ ತಲೆ ಬಗ್ಗಿಸಿದಾವೆ ನೋಡೇ.”

“ಅತ್ತೆ, ಅಲ್ಲಿ ನೋಡಿ, ನಗ್ತಾ ಇದೆ.”

“ನಗ್ತಿರೋದು ಅದು. ಬಾಯಾರಿರೋದು ಇವಕ್ಕೆ. ಆ ಕ್ಯಾನು ಕೊಡು ಇಲ್ಲಿ.”

ಕೊಡಲಿಲ್ಲ. ಕ್ಯಾನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ನಾಲ್ಕು ಸಾಲು ಒಣಗಿದ್ದವು. ನೆರಳಿನ ಕಡೆಯ ಎರಡು ಸಾಲು ಹೇಗೋ ಜೀವ ಹಿಡಿದುಕೊಂಡಿದ್ದವು. ಮೊದಲ ಸಾಲಿನ ಮೊದಲ ಟ್ರೇ ಮಾತ್ರ ಹಸಿರಾಗಿ ನಳನಳಿಸುತ್ತಿತ್ತು, ಮತ್ತು ಅದರ ಪಕ್ಕ ಅತ್ತೆ ಲೋಟ ಹಿಡಿದು ನಿಂತಿದ್ದರು. ಕೂಗಾಡಿದೆ. ಅವರು ಸಮಾಧಾನವಾಗಿ ಹೇಳಿದ್ದು ಇಷ್ಟು: “ಸಸಿಗೆ ಹಾಕಬೇಡಿ ಅಂತ ನೀನಂದೆ, ಹಾಕಲಿಲ್ಲ. ಇದನ್ನ ನೋಡ್ಕೊಳ್ಳಿ ಅಂದ್ರು, ನೋಡ್ಕೊಂಡೆ. ಇನ್ನೇನು ಮಾಡಬೇಕಿತ್ತೇ ನಾನು?” ಉತ್ತರ ತಮ್ಮಲ್ಲಿದ್ದರೆ ಮರುಟಪಾಲಿನಲ್ಲಿ ತಿಳಿಸಿ. ಅದೇ ದಿನ ಮಧ್ಯಾಹ್ನ ತಮ್ಮ ಕಚೇರಿಯಿಂದ ಅಭಿನಂದನಾ ಪತ್ರ ಬಂತು. ಸೆನ್ಸರ್ ಕಳುಹಿಸಿದ ಅಂಕಿಅಂಶಗಳ ಪ್ರಕಾರ ನಮ್ಮದು ‘ತೇವಾಂಶ ನಿರ್ವಹಣೆಯಲ್ಲಿ ಮಾದರಿ ಘಟಕ’ವಂತೆ. ಒಣಗಿದ ಎಲೆಕೋಸಿನ ಟ್ರೇ ಮೇಲೆ ಅದನ್ನು ಇಟ್ಟುಕೊಂಡು ಎರಡು ಸಲ ಓದಿದೆ.

ನನ್ನ ಕೆಟ್ಟ ಬುದ್ಧಿ, ನಡೆದದ್ದನ್ನೆಲ್ಲ ತಮಗೆ ಬರೆದು ತಿಳಿಸಿದೆ. ಹೊಗಳಿಕೆಯನ್ನು ಬಾಯಿ ಮುಚ್ಚಿಕೊಂಡು ಗೋಡೆಗೆ ನೇತುಹಾಕಿದ್ದರೆ ಇವತ್ತು ಎಲ್ಲರೂ ಸುಖವಾಗಿರುತ್ತಿದ್ದೆವು. ತಾವು ವಿಚಾರಣೆ ನಡೆಸಿ, ‘ಮಾನವ ಹಸ್ತಕ್ಷೇಪ’ವೆಂಬ ಅಪರಾಧವನ್ನು ಅತ್ತೆಯ ಮೇಲೆ ಹೊರಿಸಿ, ಬಾಗಿಲಿಗೆ ಆ ಪತ್ರ ಅಂಟಿಸಿದಿರಿ. ಪರೀಕ್ಷೆಯಲ್ಲಿ ಪಾಸಾದರೆ ಒಳಗೆ ಬಿಡುತ್ತೇವೆ ಎಂಬ ಔದಾರ್ಯವನ್ನೂ ತೋರಿದಿರಿ. ಅತ್ತೆಯನ್ನು ತಮ್ಮ ಕಚೇರಿಗೆ ನಾನೇ ಕರೆತಂದೆ. ತರಬೇತುದಾರರು ಮೊದಲ ಪ್ರಶ್ನೆ ಕೇಳಿದರು: ಮಣ್ಣಿನಲ್ಲಿ ತೇವ ಇದೆಯೋ ಇಲ್ಲವೋ ತಿಳಿಯಲು ಮೊದಲು ಏನು ಮಾಡಬೇಕು? ಅತ್ತೆ ತರಬೇತುದಾರರ ಮೇಜಿನ ಮೇಲಿದ್ದ ಹೂಕುಂಡಕ್ಕೆ ಬೆರಳು ಇಳಿಸಲು ಹೋದರು. ಬೆರಳು ಇಳಿಯಲಿಲ್ಲ. ಕುಂಡದಲ್ಲಿದ್ದದ್ದು ಥರ್ಮಾಕೋಲು, ಮೇಲಿದ್ದದ್ದು ಪ್ಲಾಸ್ಟಿಕ್ ಗಿಡ. ಅತ್ತೆ ಬೆರಳ ತುದಿಯ ಧೂಳು ನೋಡಿ, “ಇದಕ್ಕೆ ನೀರು ಬೇಡ ಕಣಪ್ಪ, ಒದ್ದೆ ಬಟ್ಟೇಲಿ ಒರೆಸು, ಸಾಕು” ಎಂದರು. ಸರಿಯುತ್ತರ ‘ಪರದೆ ನೋಡಬೇಕು’ ಎಂಬುದಾಗಿತ್ತಂತೆ. ಸೊನ್ನೆ ಹಾಕಿ ಕಳಿಸಿದರು. ತೋಟಗಾರಿಕೆಯ ಕಚೇರಿಯಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟುಕೊಂಡವರು ಯಾವ ಪರೀಕ್ಷೆ ಬರೆದು ಒಳಗೆ ಬಂದರು ಎಂದು ಕೇಳುವಷ್ಟು ಸಣ್ಣತನ ನನಗಿಲ್ಲ. ಇದೇ ಪರೀಕ್ಷೆಯಲ್ಲಿ ಯಂತ್ರ ಬರುವ ಮೊದಲೇ ನಾನು ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದಿದ್ದೆ. ಒಂದು ಅಂಕ ಹೋದದ್ದು ‘ಸಸಿ ಬಾಡಿದರೆ ಏನು ಮಾಡಬೇಕು’ ಎಂಬ ಪ್ರಶ್ನೆಗೆ ‘ನೀರು ಹಾಕಬೇಕು’ ಎಂದು ಬರೆದದ್ದಕ್ಕೆ. ಸಹಾಯವಾಣಿಗೆ ಕರೆ ಮಾಡಬೇಕಿತ್ತು.

ಅಂದಿನಿಂದ ಆ ಬೆರಳು ಮನೆಯಲ್ಲಿದೆ. ಹಿಟ್ಟಿನ ಪಾತ್ರೆಗೆ ಇಳಿಯುತ್ತದೆ, ‘ಉಹ್ಞೂಂ’. ಹಾಲಿಗೆ ಇಳಿಯುತ್ತದೆ, ‘ಉಹ್ಞೂಂ’. ಒಣಹಾಕಿದ ಬಟ್ಟೆಯನ್ನು ಒತ್ತಿ ನೋಡಿ, ಮಲಗಿದ ನನ್ನ ಗಂಡನ ಹಣೆಯನ್ನೂ ಒತ್ತಿ ನೋಡಿ ತೀರ್ಪು ಕೊಡುತ್ತದೆ. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರಿಗೆ ಅಡುಗೆಮನೆಯಲ್ಲಿ ಜಗಳವಾಗಿರಲಿಲ್ಲ, ಯಾಕೆಂದರೆ ಅವರು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಈಗ ದಿನಕ್ಕೆ ನಾಲ್ಕು. ಇದು ತಮ್ಮ ಯಾಂತ್ರೀಕರಣದ ಯಾವ ವರದಿಯಲ್ಲಿ ಸೇರುತ್ತದೆ?

ಜಗಳ ಹೇಗೋ ಸಹಿಸಬಹುದು. ನನಗೆ ಸಂಕಟವಾಗುವುದು ಅವರು ಸುಮ್ಮನಾಗುವಾಗ. ಮಧ್ಯಾಹ್ನದ ಹೊತ್ತು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡುತ್ತ ಕೂರುತ್ತಾರೆ. ಬೆಳಿಗ್ಗೆ ಮಾತ್ರ ಸಸಿಮನೆಯ ಹತ್ತಿರ ಹೋಗುತ್ತಾರೆ. ತಮ್ಮ ಆದೇಶ ಮೀರುವವರಲ್ಲ, ಹೊಸಿಲು ದಾಟುವುದಿಲ್ಲ, ಹೊರಗಿನಿಂದಲೇ ಒಂದು ಸುತ್ತು ಬರುತ್ತಾರೆ. ಹೋದ ವಾರ ಹಾಗೆ ಸುತ್ತುವಾಗ ಹಿಂದಿನ ಮೂಲೆಯಲ್ಲಿ ನಿಂತು ಪ್ಲಾಸ್ಟಿಕ್ ಹಾಳೆಗೆ ಅಂಗೈ ಇಟ್ಟು ನನ್ನನ್ನು ಕರೆದರು.

“ಇಲ್ಲಿ ಬೆವರಿಲ್ಲ ಕಣೇ. ಬೇರೆ ಕಡೆ ಎಲ್ಲಾ ಹಾಳೆ ಬೆವರಿದೆ, ಇಲ್ಲಿ ಒಣಗಿದೆ. ಈ ಮೂಲೆಗೆ ನೀರು ಬರ್ತಿಲ್ಲ.”

ಒಳಗೆ ಹೋಗಿ ನೋಡಿದೆ. ನೀರು ಚಿಮ್ಮುವ ಮೂತಿ ಕಟ್ಟಿಕೊಂಡಿತ್ತು. ಅಡಿಯಲ್ಲಿ ಮೂರು ಟ್ರೇ ಮೆಣಸಿನ ಸಸಿ ಬಾಡುತ್ತಿದ್ದವು. ಪರದೆಯ ಮುಖ ಕಿವಿಯಿಂದ ಕಿವಿಯವರೆಗೆ ನಗುತ್ತಿತ್ತು. ಒಂದು ಸೂಜಿ ತಂದು ಮೂತಿ ಬಿಡಿಸಿದೆ, ಸಂಜೆಯೊಳಗೆ ಸಸಿಗಳು ತಲೆ ಎತ್ತಿದವು. ತರಬೇತಿ ಇಲ್ಲದ ವ್ಯಕ್ತಿ, ಬಾಗಿಲ ಹೊರಗೆ ನಿಂತು, ಒಳಗಿನ ಯಂತ್ರದ ತಪ್ಪು ಹಿಡಿದಿದ್ದರು. ಬಂದು ಹೇಳಿದಾಗ ಅವರೇನೂ ಹಿಗ್ಗಲಿಲ್ಲ.

“ದಿನಾ ಬೆರಳಿಟ್ಟು ನೋಡ್ತೀಯೇನೇ?” ಎಂದರು.

“ನೋಡ್ತೀನಿ ಅತ್ತೆ.”

ನನ್ನ ಕೈ ಎಳೆದುಕೊಂಡು ಉಗುರು ನೋಡಿದರು. ಮಣ್ಣಿರಲಿಲ್ಲ. ಕೈ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಮಾನ್ಯರೇ, ಯಂತ್ರ ಇರಲಿ, ನನ್ನ ಭುಜದಾಣೆಗೂ ಅದನ್ನು ವಾಪಸು ಒಯ್ಯಬೇಡಿ. ಬಾಗಿಲಿನ ಪತ್ರವನ್ನು ಮಾತ್ರ ಕೀಳಿಸಿ. ತಮ್ಮ ನಮೂನೆಯಲ್ಲಿ ‘ತೇವಾಂಶ ಅಳೆಯುವ ಸಾಧನ’ ಎಂಬ ಕಡೆ ‘ಸೆನ್ಸರ್: ಒಂದು’ ಎಂದಿದೆ. ಅದರ ಕೆಳಗೆ ‘ಅತ್ತೆಯ ಬೆರಳು: ಒಂದು’ ಎಂದು ಸೇರಿಸಿ, ಮೊಹರು ಒತ್ತಿ ಕಳುಹಿಸಿ. ಹದಿನೈದು ದಿನ ಕಾಯುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ಚಿಂತೆಯಿಲ್ಲ. ಅತ್ತೆ ಈಗ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಪೂರ್ತಿ ಬಿಡುವಾಗಿದ್ದಾರೆ. ತಮ್ಮ ಕಚೇರಿಯ ದಾರಿ ಅವರಿಗೆ ಗೊತ್ತಿದೆ. ದಿನಾ ಬರುತ್ತಾರೆ. ಬರುವಾಗ ಒದ್ದೆ ಬಟ್ಟೆಯನ್ನೂ ಅವರೇ ತರುತ್ತಾರೆ.

ಇಂತಿ,
ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಪಡೆದು ನಾಲ್ಕು ಸಾಲು ಸಸಿ ಒಣಗಿಸಿದ,
ತರಬೇತಿ ಹೊಂದಿದ ಸೊಸೆ