ಗಾಳಿಬಾಯಿಯ ಅರಿವೆ

ಗುಡಗೇರಿ
ದಿ. ೧೪-೧೧-೨೦೨೪, ಮುಂಜಾನೆ

ಸೌ. ಶಾಂಭವಿಗೆ ಸಂಗನಬಸವ ಮಾಡುವ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ರಕ್ತದೊತ್ತಡದ ಗುಳಿಗೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದೀ ಎಂದು ನಿನ್ನ ತಮ್ಮ ಹೇಳುತ್ತಾನೆ. ನಿನ್ನ ತವರು ಅಳ್ನಾವರದ ಥಂಡಿಯಲ್ಲಿ ಕಿವಿಗೆ ಬಟ್ಟೆ ಕಟ್ಟದೆ ಹೊರಗೆ ಬರಬೇಡ. ನನ್ನ ಊಟ, ನಿದ್ರೆಯ ವಿಷಯ ಬರೆಯಲಾರೆ. ಬರೆದರೆ ಅದು ದೂರಿದಂತಾಗುತ್ತದೆ, ದೂರುವ ಅಭ್ಯಾಸ ನನಗಿಲ್ಲ.

ನಿನ್ನೆ ನಮ್ಮ ಗೌರೀಶನ ಶಿವಗಣಾರಾಧನೆ ಮುಗಿಯಿತು. ಡಾಕ್ಟರು ಸದ್ಯಕ್ಕೆ ನಿನ್ನ ಪ್ರಯಾಣವನ್ನು ಬೇಡವೆಂದದ್ದು ಸರಿಯೇ ಆಯಿತು. ಊರಿಗೆ ಊರೇ ಬಂದಿತ್ತು. ನಾನು ಎದ್ದು ನಿಂತು, ಬಂದವರಿಗೆಲ್ಲ ಶರಣೆಂದು, ಅವರ ಉಪಕಾರವನ್ನು ನೆನೆದು, ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆನೆಂದೆ. ಜ್ವರ ಮೆದುಳಿಗೇರಿ ಇಪ್ಪತ್ತಾರರ ಮಗ ಹೋದದ್ದಕ್ಕೆ ಯಾರೂ ಹೊಣೆಯಲ್ಲ, ಆದ್ದರಿಂದ ಯಾರೂ ಸಮಾಧಾನ ಹೇಳಬೇಕಾಗಿಲ್ಲ ಎಂದು ವಾದಿಸಿದೆ. ಧಾರವಾಡದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ದನಿಯೇ ಅದು. ಮಡಿವಾಳೆಪ್ಪ ಕಾಕಾ ಕೆಳಗಿನಿಂದಲೇ, “ಸಾಕ್ ಮಾಡೋ ತಮ್ಮಾ, ಇಲ್ಲಿ ಯಾರೂ ನಿನ್ನ ಕೂಡ ವಾದಕ್ಕ ಬಂದಿಲ್ಲ” ಎಂದ. ನಾನು ಕೂತುಕೊಂಡೆ.

ನೀನು ಹೇಳಿ ಕಳಿಸಿದ್ದಂತೆ ಗೌರೀಶನ ಇಂಜಿನ್ನನ್ನು ಭಾವಚಿತ್ರದ ಮುಂದೆ ಮಣೆಯ ಮೇಲಿಟ್ಟಿದ್ದೆ. ನಾಲ್ಕು ಸಿಲಿಂಡರಿನ ಕಾರಿನ ಇಂಜಿನ್ನಿನ ಮಾದರಿ, ಅಂಗೈಯಲ್ಲಿ ಹಿಡಿಸುವಷ್ಟು. ರಟ್ಟಿನಲ್ಲಿ ಕತ್ತರಿಸಿ, ಅಳತೆ ತಿದ್ದಿ, ಮತ್ತೆ ಕತ್ತರಿಸಿ, ಕೊನೆಗೆ ತನ್ನ ಹುಬ್ಬಳ್ಳಿಯ ಗೆಳೆಯ ಆಸೀಫನ ಲೇಥಿನ ಮೇಲೆ ಹಿತ್ತಾಳೆ ಅಲ್ಯೂಮಿನಿಯಂ ಕಡೆದು ಅವನು ಮಾಡಿದ್ದು. ಕಿರುಬೆರಳ ಗಾತ್ರದ ಪಿಸ್ಟನ್ನುಗಳನ್ನು ಎಣ್ಣೆ ಹಚ್ಚಿ ಉಜ್ಜುತ್ತ ಅವನು ಪಡಸಾಲೆಯಲ್ಲಿ ಕೂತಿರುತ್ತಿದ್ದ. ಓದಿದ ಹುಡುಗ ಆಟಿಕೆ ಮಾಡುತ್ತ ಕೂಡುವುದೇ ಎಂದು ನಾನು ಬೋಧಿಸಲು ಹೊರಟರೆ, “ಅಪ್ಪಾ, ಇದಕ್ಕ ನಿಮ್ಮ ಭಾಷಣ ತಿಳಿಯೂದಿಲ್ರಿ, ಎರಡು ಹನಿ ಎಣ್ಣಿ ಬಿಡ್ರಿ” ಎನ್ನುತ್ತಿದ್ದ. ನೀನು ನಗುತ್ತಿದ್ದೆ. ದಾರ ಎಳೆದು ಚಾಲೂ ಮಾಡಿದರೆ ಹೊಲಿಗೆ ಯಂತ್ರದಂಥ ಸದ್ದು ಅಡುಗೆಮನೆಯವರೆಗೂ ಬರುತ್ತಿತ್ತು.

ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ನಿನ್ನ ಹಳೆಯ ಸೀರೆಯ ಅರಿವೆ ತುಂಡೊಂದನ್ನು ನೀನೇ ಕಟ್ಟಿಕೊಟ್ಟಿದ್ದೆಯಲ್ಲ, ಅದು ಎಣ್ಣೆ ಕುಡಿದು ಕಪ್ಪಾಗಿತ್ತು. ಪೂಜೆಗೆ ಕೂಡುವ ವಸ್ತು ಮಲಿನವಾಗಿರಬಾರದೆಂದು ನಾನು ಅದನ್ನು ಬಿಚ್ಚಿದೆ. ಸ್ವಾಮಿಗಳು ಮೊದಲು ಭಾವಚಿತ್ರಕ್ಕೆ ವಿಭೂತಿ ಹಚ್ಚಿದರು. ಆಮೇಲೆ ಬಂದವರೆಲ್ಲ ಭಾವಚಿತ್ರಕ್ಕೊಮ್ಮೆ, ಇಂಜಿನ್ನಿಗೊಮ್ಮೆ ವಿಭೂತಿ ಹಚ್ಚಿದರು. ಅವನನ್ನು ಎತ್ತಿ ಆಡಿಸಿದ್ದ ಫಕೀರವ್ವ ಇಂಜಿನ್ನನ್ನು ಕೂಸಿನಂತೆ ಎರಡೂ ಕೈಯಲ್ಲೆತ್ತಿ, ಮೈತುಂಬ ಹಚ್ಚಿ, “ನನ್ನಪ್ಪಾ, ಎಷ್ಟ್ ಶಾಣ್ಯಾ ಇದ್ದ್ಯೋ” ಎಂದು ಅತ್ತಳು. ಬೂದಿ ಉದುರುತ್ತಿತ್ತು. ನಾನು ಕೈಕಟ್ಟಿ ನೋಡುತ್ತ ನಿಂತಿದ್ದೆ. ಜನರ ಪ್ರೀತಿ ದೊಡ್ಡದೆನಿಸಿತು.

ನೀನು ಫೋನಿನಲ್ಲಿ ಕಾಯುತ್ತಿದ್ದೆ. ಅವನಿಲ್ಲದ ಮನೆಗೆ ಬರಲಾರೆನೆನ್ನುತ್ತಿದ್ದವಳು, “ಅದರ ಸದ್ದೊಂದು ಕೇಳಸ್ರಿ, ಮನಿಗೆ ಬರತೀನಿ” ಎಂದಿದ್ದೆ. ತಡವಾಗಿ ಬಂದ ಆಸೀಫ್ ಪೆಟ್ರೋಲು ಹಾಕಿ ದಾರ ಎಳೆದ. ಕರ್ರೆಂದು ಒಂದು ಸುತ್ತು ತಿರುಗಿ ನಿಂತಿತು. ಎರಡನೆಯ ಸಲ ದಾರವೇ ಬರಲಿಲ್ಲ. ಅವನು ಬಗ್ಗಿ ನೋಡಿ, “ಅಯ್ಯೋ ಕಾಕಾ, ಬಾಯಿ ಮ್ಯಾಲಿನ ಅರಿವಿ ಯಾರ್ ತಗದ್ರಿ?” ಎಂದ. ಫೋನಿನಲ್ಲಿ ನೀನು “ಹಲೋ, ಹಲೋ” ಎನ್ನುತ್ತಿದ್ದೆ. ನೆಟ್‌ವರ್ಕ್ ಹೋಯಿತೆಂದು ನಿನ್ನ ತಮ್ಮನಿಗೆ ಆಮೇಲೆ ತಿಳಿಸಿದೆ. ಹೋಗಿರಲಿಲ್ಲ. ನಾನೇ ಕಡಿದೆ.

ತೆರೆದ ಬಾಯಿಯಿಂದ ಬೂದಿ ಒಳಗೆ ಹೊಕ್ಕು ಪಿಸ್ಟನ್ನುಗಳು ಕಚ್ಚಿಕೊಂಡಿವೆಯಂತೆ. ಸಿಲಿಂಡರು ಹೊಸದಾಗಿ ಕಡೆಯಬೇಕು, ಪಿಸ್ಟನ್ನು ಬೇರೆ ಹಾಕಬೇಕು. “ನಾ ಮಾಡಿಕೊಡತೀನ್ರಿ, ಚಾಚೀಗೆ ಗುರ್ತ ಹತ್ತೂದಿಲ್ರಿ” ಎಂದ ಆಸೀಫ್. ಅವನ ಮೊಬೈಲಿನಲ್ಲಿ ಇಂಜಿನ್ನಿನ ಹಳೆಯ ಸದ್ದೂ ಇದೆ. ಬೇಕಾದರೆ ಅದನ್ನೇ ಕೇಳಿಸಿಬಿಡೋಣವೆಂದು ಅತ್ಯಂತ ಮರ್ಯಾದೆಯಿಂದಲೇ ಹೇಳಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನಾನೊಬ್ಬನೇ ಎರಡು ಸಲ ಕೇಳಿದೆ. ಕೊನೆಯಲ್ಲಿ ನಿನ್ನ ನಗುವೂ ಇದೆ.

ನಿನ್ನ ತಮ್ಮನಿಗೆ, ಮನೆಯವರಿಗೆ ನನ್ನ ಶರಣು ತಿಳಿಸು. ಮೈ ಕಡೆ ಲಕ್ಷ್ಯವಿರಲಿ.

ಇತಿ,
ಸಂಗನಬಸವ

ತಾ.ಕ.: ಆಸೀಫ್ ಈಗ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಇಂಜಿನ್ನು ಒಯ್ಯಲು. ಕೊಡುವುದಿಲ್ಲ. ನಿನ್ನನ್ನು ಕೇಳದೆ ನಾನೊಬ್ಬನೇ ನಿರ್ಧರಿಸಿದ್ದೇನೆ: ಗೌರೀಶ ಉಜ್ಜಿದ ಪಿಸ್ಟನ್ನು ತೆಗೆದು ಬೇರೆಯದನ್ನು ಹಾಕಿ ನಿನ್ನನ್ನು ಕರೆತರಲಾರೆ. ಸದ್ದು ಕೇಳಿದರೆ ಬರುತ್ತೇನೆಂದು ನೀನು ಅಂದಿದ್ದೆ. ಆ ಸದ್ದು ಇನ್ನು ಬರುವುದಿಲ್ಲ. ಸೋಮವಾರ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ನಾನೇ ಅಳ್ನಾವರಕ್ಕೆ ಬರುತ್ತೇನೆ, ಅದನ್ನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡು. ಅರಿವೆಯನ್ನೂ ತರುತ್ತೇನೆ. ತೊಳೆದಿಲ್ಲ.